ಅಡಿಗಿಮನಿ ಕಪಾಟಿಗೆ ವಾಟರ್‌ಬೇಸ್ ಎನಾಮೆಲ್: ಮೂರು ವರ್ಷ ಬಳಸಿದ ಮೇಲೆ

ಧಾರವಾಡದ ಅಡಿಗಿಮನಿ. ಹದಿನಾಲ್ಕು ಬಾಗಿಲು, ನಾಲ್ಕು ಡ್ರಾವರ್, ಪ್ಲೈವುಡ್ ಮೇಲೆ ಸನ್‌ಮೈಕಾ. ಬಳಿದದ್ದು ವಾಟರ್‌ಬೇಸ್ ಎನಾಮೆಲ್ (ತಿನ್ನರ್ ಬದಲು ನೀರು ಬೆರೆಸುವ ಬಣ್ಣ), ಸ್ಯಾಟಿನ್ ಫಿನಿಶ್, ಅಂದರೆ ಮಂದ ಹೊಳಪಿನದು. ಒಗ್ಗರಣೆ ಹೊಗೆ, ಕುಕ್ಕರಿನ ಉಗಿ, ರೊಟ್ಟಿ ಹಿಟ್ಟಿನ ಧೂಳು ಎಲ್ಲ ತಿಂದೂ ಬಾಗಿಲ ಮುಖದ ಬಣ್ಣ ಗಟ್ಟಿಯಾಗಿದೆ. ಸೋತದ್ದು ಹಿಡಿಕೆಯ ಸುತ್ತ, ಒಲೆ ಪಕ್ಕದ ಅಂಚಿನಲ್ಲಿ, ಸಿಂಕಿನ ಕೆಳಗೆ.

ಆಯಿಲ್ ಎನಾಮೆಲ್ ಅಗ್ಗ, ಹೊಳಪೂ ಹೆಚ್ಚು. ಆದರೆ ಬಿಳಿ ಬಣ್ಣವಾದರೆ ಬೆಳಕು ಬೀಳದ ಬಾಗಿಲಿನ ಒಳಮೈ ಹಳದಿಯಾಗುತ್ತದೆ. ತಿನ್ನರ್ ಹಬೆ ಆರುವ ತನಕ ಒಲೆ ಹಚ್ಚುವಂತೆಯೂ ಇಲ್ಲ. ವಾಟರ್‌ಬೇಸಿಗೆ ಈ ಎರಡೂ ತಾಪತ್ರಯವಿಲ್ಲ.

ಎರಡೂ ಮೈ ಸೇರಿ ಸುಮಾರು 100 ಚದರಡಿ. ಸನ್‌ಮೈಕಾಕ್ಕೆ ಕಟ್ಟಿಗೆಯ ಸಾದಾ ಪ್ರೈಮರ್ (ಬಣ್ಣಕ್ಕೂ ಮೊದಲಿನ ಅಡಿಲೇಪ) ಹಿಡಿಯುವುದಿಲ್ಲ, ನುಣುಪು ಮೈಗೂ ಕಚ್ಚಿಕೊಳ್ಳುವ ಬಾಂಡಿಂಗ್ ಪ್ರೈಮರ್ ಬೇಕು: 1 ಲೀಟರ್. ಎನಾಮೆಲ್ ಎರಡು ಕೋಟ್‌ಗೆ 2 ಲೀಟರ್. 4 ಇಂಚಿನ ಫೋಮ್ ರೋಲರ್, ಮೂಲೆಗೆ ಸಣ್ಣ ಬ್ರಶ್, 180, 220, 320 ನಂಬರಿನ ಮರಳು ಕಾಗದ.

ಬಾಗಿಲು ಬಿಚ್ಚಿದೊಡನೆ ನಂಬರ್ ಹಾಕಿ, ಅದನ್ನು ಹಿಂಜಿನ ಕಪ್ ಕೂರುವ 35 ಎಂಎಂ ಗುಂಡಿಯೊಳಗೆ ಬರೆಯಿರಿ. ಬೇರೆಲ್ಲಿ ಬರೆದರೂ ಬಣ್ಣದಡಿ ಹೋಗುತ್ತದೆ.

ಬಣ್ಣ ಸಿಪ್ಪೆಯಾಗಿ ಏಳುವುದಕ್ಕೆ ಬಹಳಷ್ಟು ಸಲ ಜಿಡ್ಡೇ ಕಾರಣ. ಶೇಂಗಾ ಎಣ್ಣೆಯ ಹಬೆ ವರ್ಷಗಟ್ಟಲೆ ಕೂತು ಅಂಟಾಗಿರುತ್ತದೆ. ಮೊದಲು ಮರಳು ಕಾಗದ ತಿಕ್ಕಿದರೆ ಆ ಜಿಡ್ಡು ಗೀರಿನೊಳಗೇ ಇಳಿಯುತ್ತದೆ. ಹಾಗಾಗಿ ಮೊದಲು ತೊಳೆಯಬೇಕು: 1 ಲೀಟರ್ ಬಿಸಿನೀರಿಗೆ 2 ಚಮಚ ವಾಷಿಂಗ್ ಸೋಡಾ, ಕೈಗೆ ಗ್ಲೌಸು, ಆಮೇಲೆ ಎರಡು ಸಲ ಬರೀ ನೀರು. ಸೋಡಾ ಉಳಿದರೂ ಪ್ರೈಮರ್ ಹಿಡಿಯದು. ನೀರು ಚಿಮುಕಿಸಿ ನೋಡಿ; ಹನಿಹನಿಯಾಗಿ ನಿಂತರೆ ಜಿಡ್ಡು ಇನ್ನೂ ಇದೆ, ಹಾಳೆಯಂತೆ ಹರಡಿದರೆ ಹೋಗಿದೆ. ಆಮೇಲೆ 180ರಲ್ಲಿ ಹೊಳಪು ಸಾಯುವ ತನಕ ಮಾತ್ರ ತಿಕ್ಕಬೇಕು, ಸನ್‌ಮೈಕಾದ ಕಂದು ಪದರ ಕಾಣಿಸಬಾರದು.

ಒಂದು ಬಾಗಿಲಿನ ಒಳಮೈಗೆ ಪ್ರೈಮರ್ ಹಚ್ಚಿ ಒಂದು ದಿನ ಬಿಡಿ. ಬ್ಲೇಡಿನಿಂದ ಚೌಕುಳಿ ಗೀರಿ, ಟೇಪ್ ಒತ್ತಿ ಎಳೆಯಿರಿ. ಚೂರು ಎದ್ದರೆ ಪ್ರೈಮರ್ ಬದಲಿಸಿ, ಉಳಿದ ಹದಿಮೂರು ಬಾಗಿಲು ಬಚಾವ್. ಪ್ರೈಮರ್ ಮೇಲೆ 220ರ, ಎರಡು ಕೋಟ್‌ಗಳ ನಡುವೆ 320ರ ಮರಳು ಕಾಗದ ತಿಕ್ಕಬೇಕು.

ಡಬ್ಬಿಯ ಮೇಲಿನ ‘4 ಗಂಟೆಗೆ ಎರಡನೇ ಕೋಟು’ ಅನ್ನುವ ಮಾತು ಧಾರವಾಡದ ಜಿಟಿಜಿಟಿ ಮಳೆ ಕಂಡು ಬರೆದದ್ದಲ್ಲ! ಮಳೆಗಾಲದಲ್ಲಿ ಒಂದು ದಿನವಾದರೂ ಬಿಡಬೇಕು. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿನದು ಉಲ್ಟಾ ಕಥೆ: ರೋಲರ್ ತಿರುಗುವಷ್ಟರಲ್ಲಿ ಒಣಗಿ ಗೆರೆ ಏಳುತ್ತದೆ. ಫ್ಯಾನ್ ಬಂದ್ ಮಾಡಿ ಮುಂಜಾನೆಯೇ ಹಚ್ಚಬೇಕು. ಗದಗಿನ ಗಾಳಿಯಲ್ಲಂತೂ ಅಂಗಳದಲ್ಲಿ ಬಾಗಿಲು ಒಣಹಾಕುವ ಮಾತೇ ಬೇಡ, ಹಸಿ ಬಣ್ಣಕ್ಕೆ ಮಣ್ಣು ಕೂರುತ್ತದೆ. ನವೆಂಬರಿನಿಂದ ಫೆಬ್ರವರಿವರೆಗೆ ಹದವಾದ ಕಾಲ.

ಕೈಗೆ ಅಂಟದೆ ಇದ್ದ ಮಾತ್ರಕ್ಕೆ ಬಣ್ಣ ಗಟ್ಟಿಯಾಯಿತು ಅಂತಲ್ಲ. ಪೂರ್ತಿ ಬಲಿಯಲು ಮೂರು-ನಾಲ್ಕು ವಾರ ಬೇಕು. ಅದಕ್ಕೂ ಮೊದಲು ಬಿಗಿಯಾಗಿ ಮುಚ್ಚಿದರೆ ಬಾಗಿಲು ಚೌಕಟ್ಟಿಗೆ ಅಂಟಿ, ತೆರೆಯುವಾಗ ಚಕ್ಕೆ ಕಿತ್ತು ಬರುತ್ತದೆ. ಬಾಗಿಲು ಚೌಕಟ್ಟಿಗೆ ತಾಗದಂತೆ ಮೂಲೆಗೊಂದು ಸಿಲಿಕೋನ್ ಬಟನ್ ಅಂಟಿಸಿದರೆ ಸಾಕು.

ಸೋತ ಜಾಗಗಳಲ್ಲಿ ಹಿಡಿಕೆಯ ಸುತ್ತಲಿನದು ಉಗುರಿನ ಸವೆತ. ಹಿಂದೆ ತಗಡಿನ ಪಟ್ಟಿ ಇರುವ ಹಿಡಿಕೆ ಹಾಕಿದರೆ ನಿಲ್ಲುತ್ತದೆ. ಒಲೆ ಪಕ್ಕದ ಅಂಚಿಗೆ ವರ್ಷಕ್ಕೊಮ್ಮೆ ಟಚಪ್ ಬೇಕೇ ಬೇಕು. ಸಿಂಕಿನ ಕೆಳಗಿನ ಹಲಗೆ ಮಾತ್ರ ಎಂಡಿಎಫ್ (ಕಟ್ಟಿಗೆಯ ನಾರು ಒತ್ತಿ ಮಾಡಿದ್ದು), ನೀರು ಕುಡಿದು ಉಬ್ಬಿದೆ. ಅಂಥದ್ದಕ್ಕೆ ಯಾವ ಬಣ್ಣವೂ ಮದ್ದಲ್ಲ, ಹಲಗೆಯನ್ನೇ ಬದಲಿಸಬೇಕು.

ಬಿಳಿ ಬಣ್ಣದವರಿಗೆ ಅರಿಶಿನದ್ದೊಂದು ಕಾಟ. ಕಲೆಗೆ ವಾಷಿಂಗ್ ಸೋಡಾದ ನೀರು ಹಾಕಿದರೆ ಕೆಂಪಗಾಗುತ್ತದೆ. ಅರಿಶಿನಕ್ಕೆ ಸುಣ್ಣ ಬಿದ್ದು ಕುಂಕುಮವಾಗುವ ಗುಟ್ಟೂ ಇದೇ. ಗಾಬರಿ ಬೇಡ. ಒದ್ದೆ ಬಟ್ಟೆಯಿಂದ ಒರೆಸಿ, ಬಾಗಿಲು ಬಿಚ್ಚಿ ಬಿಸಿಲಿಗಿಡಿ, ಹಳದಿ ತಾನಾಗಿ ಮಾಸುತ್ತದೆ.