ಬ್ಯಾಕಪ್ ಕ್ಯಾಟಲಾಗಿಗೆ ಒಡಿಬಿಸಿ ಡ್ರೈವರ್: ನಾಲ್ಕು ವರ್ಷ ಬಳಸಿದ ಮೇಲೆ

ನಮ್ಮ ಮೇನ್ ಆಫೀಸು ಬೈಕಂಪಾಡಿಯಲ್ಲಿ, ಬ್ರಾಂಚು ಉಡುಪಿಯಲ್ಲಿ. ಎರಡೂ ಕಡೆಯ ಬ್ಯಾಕಪ್ ಬಾಕುಲಾ ಅನ್ನುವ ಸಾಫ್ಟ್‌ವೇರಲ್ಲಿ ಆಗ್ತದೆ, ಅದರ ಕ್ಯಾಟಲಾಗ್, ಅಂದ್ರೆ ಯಾವ ಬ್ಯಾಕಪ್ ಯಾವಾಗ ಆಯ್ತು, ಯಾವ ಫೈಲ್ ಹೋಯ್ತು ಅನ್ನುವ ಲೆಕ್ಕ, ಲಿನಕ್ಸ್ ಸರ್ವರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸಲ್ಲಿ ಉಂಟು. ಮೊದ್ಲು ದಿನಾ ಬೆಳಿಗ್ಗೆ ಕನ್ಸೋಲ್ ಓಪನ್ ಮಾಡಿ ಜಾಬ್ (ಒಂದೊಂದು ಸಲದ ಬ್ಯಾಕಪ್) ಲಿಸ್ಟ್ ನೋಡಿ ಒಂದೊಂದೇ ಎಕ್ಸೆಲ್ ಶೀಟಿಗೆ ಟೈಪ್ ಮಾಡುದು, ನಾನು ರಜೆ ಹಾಕಿದ್ರೆ ಆ ದಿನ ಯಾರೂ ನೋಡುದಿಲ್ಲ. ಒಡಿಬಿಸಿ ಅಂದ್ರೆ ಎಕ್ಸೆಲಿನಂಥ ಪ್ರೋಗ್ರಾಂ ಡೇಟಾಬೇಸ್ ಓದ್ಲಿಕ್ಕೆ ಇರುವ ಸೇತುವೆ. ಈಗ ಪೋಸ್ಟ್‌ಗ್ರೆಸಿನ ಒಡಿಬಿಸಿ ಡ್ರೈವರ್ ಪಿಎಸ್‌ಕ್ಯೂಎಲ್‌ಒಡಿಬಿಸಿ ಹಾಕಿ ವಿಂಡೋಸ್ ಪಿಸಿಯಿಂದಲೇ ಕ್ಯಾಟಲಾಗ್ ಓದ್ತೇನೆ, ಶೀಟ್ ರಿಫ್ರೆಶ್ ಕೊಟ್ರೆ ಆಯ್ತು.

ಹೊಸಬರು ಸಿಕ್ಕಿ ಬೀಳುದು ಒಂದೇ ಕಡೆ ಮಾರಾಯ್ರೆ. ವಿಂಡೋಸಲ್ಲಿ ಒಡಿಬಿಸಿ ಸೆಟ್ಟಿಂಗ್ ಪ್ರೋಗ್ರಾಂ ಎರಡುಂಟು, ಎರಡರ ಹೆಸರೂ ಒಡಿಬಿಸಿಎಡಿ32. ಸಿಸ್ಟಂ32 ಫೋಲ್ಡರಲ್ಲಿ ಇರುದು 64 ಬಿಟ್, ಸಿಸ್‌ವಾವ್64ರಲ್ಲಿ ಇರುದು 32 ಬಿಟ್. ನನ್ನ ಎಕ್ಸೆಲ್ 32 ಬಿಟ್, ನಾನು ಡಿಎಸ್‌ಎನ್ (ಯಾವ ಸರ್ವರ್, ಯಾವ ಡೇಟಾಬೇಸ್ ಅಂತ ಬರೆದಿಡುವ ಸೆಟ್ಟಿಂಗ್) ಮಾಡಿದ್ದು 64ರಲ್ಲಿ, ಅದು 32 ಬಿಟ್ ಎಕ್ಸೆಲಿಗೆ ಆಗುದಿಲ್ಲ, ಎರಡು ದಿನ ಹೋಯ್ತು. ಸರ್ವರಲ್ಲಿ ಸೆಲೆಕ್ಟ್ (ಓದುವ) ಪರ್ಮಿಶನ್ ಮಾತ್ರ ಇರುವ ಬೇರೆ ಯೂಸರ್ ಮಾಡಿ, ಕ್ಯಾಟಲಾಗಿನ ಓನರ್ ಪಾಸ್‌ವರ್ಡ್ ಪಿಸಿಯಲ್ಲಿ ಇಡ್ಲೇಬೇಡಿ.

ಇನ್ನೊಂದು, ಬ್ಯಾಕಪ್ ಆದ ಒಂದೊಂದು ಫೈಲಿಗೂ ಸಾಲು ಇರುವ ಫೈಲ್ ಟೇಬಲಿಗೆ ಕೈ ಹಾಕುವ ಮೊದ್ಲು ಡ್ರೈವರ್ ಸೆಟ್ಟಿಂಗಲ್ಲಿ ಯೂಸ್ ಡಿಕ್ಲೇರ್/ಫೆಚ್ ಆನ್ ಮಾಡಿ, ಆಗ ಸಾಲುಗಳು ಸ್ವಲ್ಪ ಸ್ವಲ್ಪವೇ ಬರ್ತವೆ. ಇಲ್ಲದಿದ್ರೆ ಡ್ರೈವರ್ ಎಲ್ಲ ಸಾಲನ್ನೂ ಒಟ್ಟಿಗೆ ಮೆಮೊರಿಗೆ ಎಳೀತದೆ, ನನ್ನ ಪಿಸಿ ಹಾಗೇ ನಿಂತು ಹೋಗಿತ್ತು.

ನನಗೆ ನಿಜವಾಗಿ ಹೆದರಿಕೆ ಆದದ್ದು ಒಂದು ಮಳೆಗಾಲ. ರಾತ್ರಿಯಿಡೀ ಗುಡುಗು, ಉಡುಪಿಯ ಲೈನ್ ಹೋಗಿ ಬಂದು ಮಾಡ್ತಿತ್ತು. ಬೆಳಿಗ್ಗೆ ಶೀಟಲ್ಲಿ ಏಳು ಜಾಬ್ ಫೇಲ್. ಕನ್ಸೋಲಲ್ಲಿ ನೋಡಿದ್ರೆ ಫೇಲ್ ಆದದ್ದು ಎರಡೇ, ಉಳಿದ ಐದು ಕ್ಲೈಂಟಿಗೆ (ಬ್ಯಾಕಪ್ ಆಗಬೇಕಾದ ಕಂಪ್ಯೂಟರಿಗೆ) ಕಾಯ್ತಾ ಇತ್ತು. ಎಂತ ವಿಷಯ ಅಂದ್ರೆ ಜಾಬ್ ಎಂತಾಯ್ತು ಅಂತ ಒಂದಕ್ಷರದಲ್ಲಿ ಹೇಳುವ ಬಾಕುಲಾದ ಜಾಬ್‌ಸ್ಟೇಟಸಲ್ಲಿ ಚಿಕ್ಕ ಎಫ್ ಅಂದ್ರೆ ಫೇಟಲ್ ಎರರ್, ದೊಡ್ಡ ಎಫ್ ಅಂದ್ರೆ ಕ್ಲೈಂಟಿಗೆ ಕಾಯುದು, ನಾನು ಎಣಿಸ್ಲಿಕ್ಕೆ ಶೀಟಲ್ಲಿ ಹಾಕಿದ ಕೌಂಟ್‌ಇಫ್ ಫಾರ್ಮುಲಾ ಚಿಕ್ಕಕ್ಷರ ದೊಡ್ಡಕ್ಷರ ಬೇರೆ ಮಾಡುದಿಲ್ಲ. ಅವತ್ತಿಂದ ಎಣಿಸುವ ಕೆಲಸ ಎಲ್ಲ ಡೇಟಾಬೇಸಿಗೆ ಕಳಿಸುವ ಎಸ್‌ಕ್ಯೂಎಲ್ ಕ್ವೆರಿಯಲ್ಲೇ (ಪ್ರಶ್ನೆಯಲ್ಲೇ) ಮಾಡಿ ಶೀಟಿಗೆ ಉತ್ತರ ಮಾತ್ರ ತರ್ತೇನೆ.

ಸ್ಟೇಟಸ್ ಟಿ, ಅಂದ್ರೆ ಜಾಬ್ ಸರಿಯಾಗಿ ಮುಗೀತು, ಅಂತ ಬಂದ್ರೂ ಸಮಾಧಾನ ಬೇಡ. ಒಮ್ಮೆ ಅಕೌಂಟ್ಸಿನವರು ಫೈಲೆಲ್ಲ ಬೇರೆ ಡ್ರೈವಿಗೆ ಹಾಕಿ ನಮಗೆ ಹೇಳ್ಲೇ ಇಲ್ಲ, ಹಳೇ ಫೋಲ್ಡರ್ ಖಾಲಿ, ಜಾಬ್ ಮಾತ್ರ ದಿನಾ ಟಿ. ಎಷ್ಟು ಫೈಲ್ ಬ್ಯಾಕಪ್ ಆಯ್ತು ಅಂತ ತೋರಿಸುವ ಜಾಬ್‌ಫೈಲ್ಸ್ ಕಾಲಮ್ಮಿನಲ್ಲಿ ಸಾವಿರಗಟ್ಟಲೆ ಇದ್ದದ್ದು 3ಕ್ಕೆ ಇಳಿದದ್ದು ಕಂಡು ಗೊತ್ತಾಯ್ತು. ಈಗ ಹಿಂದಿನ ಫುಲ್ ಬ್ಯಾಕಪ್ಪಿನ ಅರ್ಧಕ್ಕಿಂತ ಕಡಿಮೆ ಆದ್ರೆ ಆ ಸಾಲು ಕೆಂಪು.

ಬಾಕುಲಾ 11ಕ್ಕೆ ಅಪ್‌ಗ್ರೇಡ್ ಮಾಡಿದಾಗ ಫೈಲ್‌ನೇಮ್ ಟೇಬಲ್ಲೇ ಇಲ್ಲ, ಹೆಸರುಗಳು ಫೈಲ್ ಟೇಬಲಿನ ಒಳಗೆ ಹೋಗಿದೆ, ಅದಕ್ಕೆ ಸೇರಿದ ಕ್ವೆರಿ ಪುನಃ ಬರೀಬೇಕಾಯ್ತು. ಅದೊಂದು ಬೇಜಾರು. ಜಾಬ್ ಟೇಬಲಿನ ಕ್ವೆರಿಗಳಿಗೆ ಎಂತದ್ದೂ ಆಗ್ಲಿಲ್ಲ.

ಉಡುಪಿ ಬ್ರಾಂಚಿನ ಹುಡುಗಿ ಲಿನಕ್ಸ್ ಲ್ಯಾಪ್‌ಟಾಪಲ್ಲಿ ಲಿಬ್ರೆಆಫೀಸ್ ಬೇಸ್ ಅನ್ನುವ ಡೇಟಾಬೇಸ್ ಪ್ರೋಗ್ರಾಂಗೆ ಜೆಡಿಬಿಸಿ (ಒಡಿಬಿಸಿಯ ಹಾಗೇ, ಜಾವಾದ್ದು) ಡ್ರೈವರ್ ಕೊಟ್ಟು ಅದೇ ಕ್ವೆರಿ ಓಡಿಸ್ತಾಳೆ. ತಿಂಗಳ ಕೊನೆಗೆ ಫೋನಲ್ಲಿ ಇಬ್ಬರೂ ಟೋಟಲ್ ಓದಿ ನೋಡ್ತೇವೆ, ಇಷ್ಟರವರೆಗೆ ಒಂದು ಬೈಟೂ ಹೆಚ್ಚುಕಡಿಮೆ ಬರ್ಲಿಲ್ಲ.