ಸೋಮವಾರಪೇಟೆಯ ಜೆರಾಕ್ಸ್ ಅಂಗಡಿ: ಐದಕ್ಕೆ ನಾಲ್ಕು

ಅಂಗಡಿಗೆ ಬೋರ್ಡ್ ಇಲ್ಲ. ಇದ್ದದ್ದು ಎರಡು ಮಳೆಗಾಲದ ಹಿಂದೆ ಗಾಳಿಗೆ ಹಾರಿಹೋಯಿತಂತೆ, ಮತ್ತೆ ಬರೆಸಿಲ್ಲ. ಸೋಮವಾರಪೇಟೆ ಬಸ್ ಸ್ಟ್ಯಾಂಡಿನಿಂದ ಐದು ನಿಮಿಷದ ನಡಿಗೆ. ಗಾಜಿನ ಬಾಗಿಲಿನ ಮೇಲೆ ‘ಜೆರಾಕ್ಸ್, ಡಿಟಿಪಿ, ಪಹಣಿ, ಲ್ಯಾಮಿನೇಷನ್’ ಅಂತ ಕೆಂಪು ಸ್ಟಿಕ್ಕರ್ ಇದೆ; ಅದರಲ್ಲಿ ‘ಪಹಣಿ’ಯ ‘ಪ’ ಉದುರಿ ಬರೀ ‘ಹಣಿ’ ಉಳಿದಿದೆ. ಗುರುತಿಗೆ ಅದೇ ಸಾಕು. ಒಳಗೆ ಇಬ್ಬರು ನಿಂತರೆ ಮೂರನೆಯವರಿಗೆ ಕೊಡೆ ಮಡಚಲು ಜಾಗವಿಲ್ಲ.

ನಾನು ಹತ್ತಿರದ ಕಾಫಿ ತೋಟವೊಂದರಲ್ಲಿ ರೈಟರ್. ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆಯುವುದು, ವಾರದ ಬಟವಾಡೆ, ಗೊಬ್ಬರದ ಲೆಕ್ಕ, ಇಷ್ಟೇ ನನ್ನ ಬದುಕು. ಹದಿನೆಂಟು ವರ್ಷ ಕಾಗದದ ಜೊತೆಗೇ ಕಳೆದವನು. ಹಾಗಾಗಿ ಒಂದು ಜೆರಾಕ್ಸ್ ಅಂಗಡಿಯ ಬಗ್ಗೆ ಇಷ್ಟುದ್ದ ಬರೆದರೆ ಓದುವವರು ಸಹಿಸಿಕೊಳ್ಳಬೇಕು.

ಮೊದಲು ದರ. ಒಂದು ಮಗ್ಗುಲಿಗೆ 2 ರೂಪಾಯಿ, ನೂರಕ್ಕಿಂತ ಹೆಚ್ಚಾದರೆ ಒಂದೂವರೆ. ಕನ್ನಡ ಟೈಪಿಂಗ್ ಪುಟಕ್ಕೆ 40. ತಿದ್ದುಪಡಿಗೆ ಬೇರೆ ದುಡ್ಡು ಕೇಳುವುದಿಲ್ಲ, ನಾವು ಒಂದೇ ಅರ್ಜಿಯನ್ನು ಆರು ಸಲ ತಿದ್ದಿಸಿದ್ದೇವೆ. ಪ್ರಿಂಟು ಕಪ್ಪಗೆ, ಸ್ವಚ್ಛವಾಗಿ ಬರುತ್ತದೆ. ಮಳೆಗಾಲದಲ್ಲಿ ಕಾಗದ ತೇವ ಹಿಡಿದು ಮೆಷಿನ್ನಿನಲ್ಲಿ ಸಿಕ್ಕಿಕೊಳ್ಳುವ ತೊಂದರೆ ನಮ್ಮ ಕಡೆ ಎಲ್ಲ ಅಂಗಡಿಯಲ್ಲೂ ಇದೆ. ಇವರು ಕಾಗದದ ಕಟ್ಟುಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟು ಒಳಗೊಂದು ನಲವತ್ತು ವ್ಯಾಟಿನ ಬಲ್ಬು ಉರಿಸುತ್ತಾರೆ. ಕೋಳಿಮರಿ ಸಾಕಿದ ಹಾಗೆ.

ಈಗ ನಾನು ಅಲ್ಲಿಗೆ ಯಾಕೆ ಅಷ್ಟು ಸಲ ಹೋದೆ ಅನ್ನುವುದು.

ನಮ್ಮೂರಲ್ಲಿ ಒಂದು ಅನುದಾನಿತ ಶಾಲೆ ಇದೆ. ಹಿಂದಿನವರು ಜಾಗ ಕೊಟ್ಟು, ಕಲ್ಲು ಹೊತ್ತು, ಸಂಘ ಮಾಡಿ ಕಟ್ಟಿದ್ದು. ಸಂಬಳ ಸರ್ಕಾರದ್ದು, ಆಡಳಿತ ಸಂಘದ್ದು. ನನ್ನ ಮಗಳು ಅಲ್ಲಿ ಆರನೇ ಕ್ಲಾಸು. ತೋಟದ ಕೂಲಿಯವರು ಸಾಲಾಗಿ ವಾಸಿಸುವ ಲೈನ್ ಮನೆಯ ಮಕ್ಕಳು, ಅಸ್ಸಾಮಿನಿಂದ ಕೆಲಸಕ್ಕೆ ಬಂದವರ ಮಕ್ಕಳು, ಅರೆಭಾಷೆ ಮಾತಾಡುವ ಮಕ್ಕಳು, ಎಲ್ಲ ಒಂದೇ ಬೆಂಚಲ್ಲಿ. ಬೇಸಿಗೆ ರಜೆಯಲ್ಲಿ ಆಡಳಿತ ಮಂಡಳಿಯ ನಾಲ್ಕು ಜನ ಸೇರಿ, ಶಾಲೆಯ ಆಡಳಿತವನ್ನು ಹೊರಗಿನ ಒಂದು ಟ್ರಸ್ಟಿಗೆ ವಹಿಸಿಕೊಡುವುದು ಅಂತ ಠರಾವು ಬರೆದರು. ನಮಗೆ ಗೊತ್ತಾದದ್ದು ಪಿಕಪ್ಪಿನಲ್ಲಿ ಹೊಸ ಬೋರ್ಡು ಬಂದಿಳಿದಾಗ. ಕೇಳಿದರೆ ‘ನಿಮ್ಮ ಮಕ್ಕಳ ಒಳ್ಳೇದಕ್ಕೇ, ಇಂಗ್ಲಿಷ್ ಮೀಡಿಯಂ ಬರ್ತದೆ’ ಅಂದರು. ಇಂಗ್ಲಿಷ್ ಬೇಡ ಅಂತ ಯಾರೂ ಹೇಳಿಲ್ಲ. ನನ್ನ ಮಗಳಿಗೂ ಬೇಕು. ನಮ್ಮನ್ನು ಒಂದು ಮಾತು ಕೇಳಲಿಲ್ಲ, ಫೀಸು ಎಷ್ಟಾಗುತ್ತದೆ ಅಂತ ಹೇಳಲಿಲ್ಲ, ಲೈನ್ ಮನೆಯ ಮಕ್ಕಳು ಎಲ್ಲಿಗೆ ಹೋಗಬೇಕು ಅನ್ನುವುದಕ್ಕೆ ಉತ್ತರವೂ ಇಲ್ಲ. ತಕರಾರು ಇರುವುದು ಅಲ್ಲಿ.

ಮೊದಲ ದಿನ ನಾವು ಒಂಬತ್ತು ಜನ ಪೋಷಕರು ಒಂದು ಜೀಪಿನಲ್ಲಿ ಸೋಮವಾರಪೇಟೆಗೆ ಹೋದೆವು. ಕೈಯಲ್ಲಿ ನಾನೇ ಬರೆದ ಮನವಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನಲ್ಲಿ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧ ಮಹಿಳೆಯರಿರಬೇಕು ಅಂತ ಇದೆ. ಆದ್ದರಿಂದ ಶಾಲೆಯನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವವರು ನಾವೇ ಅಂತ ಜೋರಾಗಿ ಬರೆದಿದ್ದೆ. ಅಂಗಡಿಯವರು ಅರ್ಧ ಟೈಪ್ ಮಾಡಿ ಕೈ ನಿಲ್ಲಿಸಿದರು.

‘ರೈಟ್ರೇ, ನಿಮ್ದು ಸರ್ಕಾರಿ ಶಾಲೆಯೋ, ಅನುದಾನಿತವೋ?’

‘ಅನುದಾನಿತ.’

‘ಹಾಗಾದ್ರೆ ಈ ಸಾಲು ನಿಲ್ಲಲ್ಲ. 2012ರಲ್ಲಿ ತಿದ್ದುಪಡಿ ಆಗಿದೆ. ಅನುದಾನಿತ ಶಾಲೆಯಲ್ಲಿ ಆ ಸಮಿತಿ ಸಲಹೆ ಕೊಡಬಹುದು, ಅಷ್ಟೇ.’

ಜೀಪಿನಲ್ಲಿ ಬರುವಾಗ ಇದ್ದ ನಮ್ಮ ಹುರುಪೆಲ್ಲ ಅಲ್ಲೇ ಇಳಿದುಹೋಯಿತು. ಆಮೇಲೆ ನಾನೂ ಹುಡುಕಿ ಓದಿದೆ, ಅವರು ಹೇಳಿದ್ದು ಸರಿ. ಆ ಮನವಿ ಹಾಗೇ ಹೋಗಿದ್ದರೆ ಎದುರಿನವರು ಆ ಒಂದು ಸಾಲನ್ನು ಹಿಡಿದು ಇಡೀ ಕಾಗದವನ್ನು ಮೂಲೆಗೆ ಸರಿಸುತ್ತಿದ್ದರು. ಟೈಪ್ ಮಾಡುವವರು ಊರಲ್ಲಿ ಹತ್ತು ಜನ ಇದ್ದಾರೆ. ಇವರು ಟೈಪ್ ಮಾಡುವುದನ್ನು ಓದುತ್ತಾರೆ. ನಾನು ಕೊಡುವ ನಾಲ್ಕು ನಕ್ಷತ್ರದಲ್ಲಿ ಮೂರು ಅದಕ್ಕೇ.

ದಾರಿ ತೋರಿಸಿದವರೂ ಅವರೇ. ಶಾಲೆ ನಡೆಸುವುದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಸಂಘ. ಅದರ 25ನೇ ಕಲಮಿನಂತೆ ಸಂಘದ ಸದಸ್ಯರಲ್ಲಿ ಮೂರನೇ ಒಂದು ಪಾಲು ಜನ ಅರ್ಜಿ ಕೊಟ್ಟರೆ ನೋಂದಣಾಧಿಕಾರಿ ವಿಚಾರಣೆ ನಡೆಸಬೇಕು. ಪೋಷಕರಿಗೆ ಆ ಹಕ್ಕಿಲ್ಲ, ಸದಸ್ಯರಿಗೆ ಇದೆ. ‘ಹಳೇ ಸದಸ್ಯರನ್ನ ಹುಡುಕಿ’ ಅಂದರು. ಮಡಿಕೇರಿಯಿಂದ ಸಂಘದ ಸದಸ್ಯರ ಪಟ್ಟಿಯ ದೃಢೀಕೃತ ಪ್ರತಿ ತಂದೆವು. ಮಾದಾಪುರದ ಮೇಲೆ ಹೋಗಿ ಬರಲು ಎಂಬತ್ತು ಕಿಲೋಮೀಟರು. 2018ರ ಆಗಸ್ಟಿನಲ್ಲಿ ಕುಸಿದ ಗುಡ್ಡಗಳನ್ನು ನೋಡಿಕೊಂಡೇ ಹೋಗಬೇಕು. ಪಟ್ಟಿಯಲ್ಲಿ 33 ಹೆಸರು. ಅದರಲ್ಲಿ ಏಳು ಜನ ತೀರಿಕೊಂಡಿದ್ದರೂ ಪಟ್ಟಿಯಲ್ಲಿ ಬದುಕಿದ್ದರು. ಯಾಕೆ ಅಪಾಯ ಅಂತ 33ಕ್ಕೇ ಲೆಕ್ಕ ಹಾಕಿ ಹನ್ನೊಂದು ಸಹಿ ಗುರಿ ಇಟ್ಟುಕೊಂಡೆವು.

ಹನ್ನೊಂದು ಸಹಿಗೆ ಹತ್ತೊಂಬತ್ತು ದಿನ ಹಿಡಿಯಿತು. ಶನಿವಾರಸಂತೆ, ಕೊಡ್ಲಿಪೇಟೆ, ಮಗಳ ಮನೆ ಅಂತ ಮೈಸೂರು ಸೇರಿದವರು ಒಬ್ಬರು. ಹತ್ತನೆಯ ಸಹಿ ಹಾಕಿದ ಅಜ್ಜಿ ಅರ್ಜಿಯನ್ನು ಪೂರ್ತಿ ಓದಿಸಿ ಕೇಳಿದರು. ‘ನಮ್ಮ ಯಜಮಾನ್ರು ಆ ಜಾಗದಲ್ಲಿದ್ದ ಎರಡು ಹಲಸಿನ ಮರ ಕಡಿಯಬಾರದು ಅಂತ ಹೇಳಿ ಕೊಟ್ಟಿದ್ರು. ಮರ ಇದೆಯಾ ಮಗ?’ ಅಂದರು. ಒಂದಿದೆ ಅಂದೆ. ಒಂದಕ್ಷರಕ್ಕೆ ಒಂದು ನಿಮಿಷದಂತೆ ಸಹಿ ಮಾಡಿದರು.

ಇದರ ಜೊತೆ ಒಂದು ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿದೆವು, ಹಸ್ತಾಂತರದ ಬಗ್ಗೆ ಶಿಕ್ಷಣ ಇಲಾಖೆಗೆ ಬಂದ ಪತ್ರಗಳ ಪ್ರತಿ ಕೇಳಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ನಾನು ಬರೆದುಕೊಂಡು ಹೋದದ್ದು ನಾನೂರು ಪದ, ಅರ್ಧ ಭಾಗ ನಮ್ಮ ಸಂಕಟ. ‘ಸಂಕಟ ಬೇಡ, ಪತ್ರದ ಪ್ರತಿ ಕೇಳಿ ಸಾಕು’ ಅಂತ ಅವರು 62 ಪದಕ್ಕೆ ಇಳಿಸಿದರು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಕಳಿಸಿದೆವು. ಮೂವತ್ತು ದಿನದೊಳಗೇ ಉತ್ತರ ಬಂತು.

ಒಂದು ಜಗಳವನ್ನೂ ಹೇಳಬೇಕು. ನಮ್ಮಲ್ಲೊಬ್ಬ ಬಿಸಿರಕ್ತದ ಅಪ್ಪ, ಕಾರ್ಯದರ್ಶಿಯವರು ಟ್ರಸ್ಟಿನಿಂದ ದುಡ್ಡು ತಿಂದಿದ್ದಾರೆ ಅಂತ ಕರಪತ್ರ ಬರೆದು ತಂದ. ಅಂಗಡಿಯವರು ಓದಿ ಹಿಂದಕ್ಕೆ ಕೊಟ್ಟರು. ‘ಇದನ್ನ ನಾನು ಹೊಡೆಯಲ್ಲ. ದಾಖಲೆ ಇದ್ರೆ ತನ್ನಿ. ಇಲ್ದಿದ್ರೆ ನಾಳೆ ಶಾಲೆ ವಿಷಯ ಹೋಗಿ ನಿಮ್ಮ ಕೇಸಿನ ವಿಷಯ ಆಗ್ತದೆ.’ ನಮಗೆ ಸಿಟ್ಟು ಬಂತು. ಇನ್ನೊಂದು ಅಂಗಡಿಗೆ ಹೋದೆವು. ಅಲ್ಲಿಯವನು ಕಣ್ಣು ಹಾಯಿಸದೆ ‘ಐನೂರಾ, ಸಾವಿರವಾ?’ ಅಂದ. ಅಷ್ಟರಲ್ಲಿ ಕರೆಂಟು ಹೋಯಿತು, ಸಂಜೆವರೆಗೂ ಬರಲಿಲ್ಲ. ಸೋಮವಾರಪೇಟೆಯ ಜುಲೈ ತಿಂಗಳ ಕರೆಂಟಿಗೆ ನಾನು ಜೀವನದಲ್ಲಿ ಮೊದಲ ಸಲ ಕೈಮುಗಿದೆ. ಮರುದಿನ ಆ ಕರಪತ್ರವನ್ನು ಬರೆದವನೇ ಹರಿದು ಒಲೆಗೆ ಹಾಕಿದ.

ಇನ್ನೊಂದು ಸಂಗತಿ ನನಗೆ ತಿಳಿದದ್ದು ತಡವಾಗಿ. ಎದುರು ಪಾರ್ಟಿಯವರೂ ಇದೇ ಅಂಗಡಿಯಲ್ಲೇ ಪ್ರಿಂಟು ಹಾಕಿಸುತ್ತಿದ್ದರು. ಒಂದು ದಿನ ನಮ್ಮ ಸಹಿ ಹಾಳೆಯ ಪ್ರತಿಗೆ ಕಾಯುತ್ತಿದ್ದಾಗ ಮೆಷಿನ್ನಿನ ಟ್ರೇಯಲ್ಲಿ ಬೇರೇನೋ ಕಾಗದ, ಮೇಲೆ ನಮ್ಮ ಶಾಲೆಯ ಮುದ್ರೆ. ನಾನು ಕತ್ತು ಚಾಚಿದೆ. ಅವರು ಮಾತಾಡದೆ ಅದನ್ನು ಮಗುಚಿ ಹಾಕಿ ಮೇಲೆ ಪಂಚಿಂಗ್ ಮೆಷಿನ್ ಇಟ್ಟರು. ‘ಅದು ಏನು ಅಣ್ಣ?’ ಅಂದೆ. ‘ನಿಮ್ದು ಮೂವತ್ತಾರು ಪ್ರತಿ, ಎಪ್ಪತ್ತೆರಡು ರೂಪಾಯಿ’ ಅಂದರು. ಆ ಹೊತ್ತಿಗೆ ಉರಿದುಹೋಗಿತ್ತು. ಮನೆಗೆ ಬಂದು ಯೋಚಿಸಿದಾಗ, ಎರಡು ತಿಂಗಳಿಂದ ನಮ್ಮ ಕಾಗದಗಳನ್ನೂ ಹೀಗೇ ಮಗುಚಿ ಇಟ್ಟಿರಬೇಕಲ್ಲ ಅನ್ನಿಸಿತು.

ಹೆಬ್ಬೆಟ್ಟಿನವರಿಗೆ ಸ್ಟಾಂಪ್ ಪ್ಯಾಡು, ಒರೆಸಿಕೊಳ್ಳಲು ಸೀಮೆಎಣ್ಣೆ ಹಚ್ಚಿದ ಬಟ್ಟೆ ಪುಕ್ಕಟೆ. ಅಸ್ಸಾಮಿನ ತಾಯಂದಿರಿಗೆ ಮನವಿಯಲ್ಲಿ ಏನಿದೆ ಅಂತ ಹರುಕು ಹಿಂದಿಯಲ್ಲಿ ತಾವೇ ಹೇಳಿ, ಅವರು ತಲೆಯಾಡಿಸಿದ ಮೇಲೆ ಹೆಬ್ಬೆಟ್ಟು ಒತ್ತಿಸಿದರು.

ಇನ್ನು ಕಳೆದ ಒಂದು ನಕ್ಷತ್ರ. ಬಿಲ್ ಕೊಡುವುದಿಲ್ಲ. ನಾವು ಮನೆಗೆ 50 ರೂಪಾಯಿಯಂತೆ ಎತ್ತಿದ ಹಣಕ್ಕೆ ನಾನು ಲೆಕ್ಕ ಒಪ್ಪಿಸಬೇಕು. ಇವರು ಕೊಡುವುದು ಹರಿದ ಕ್ಯಾಲೆಂಡರ್ ಚೂರಿನ ಮೇಲೆ ‘370’ ಅಂತ ಬರೆದು, ಕೆಳಗೊಂದು ಗೀಟು. ರೈಟರಿಗೆ ಇದಕ್ಕಿಂತ ಹಿಂಸೆ ಇಲ್ಲ. ಜೊತೆಗೆ ಇನ್ನೂ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಅಕ್ಷರದಲ್ಲೇ ಟೈಪ್ ಮಾಡುತ್ತಾರೆ. ವಾಟ್ಸಾಪಿಗೆ ಬೇಕು ಅಂದರೆ ಯೂನಿಕೋಡಿಗೆ ಬದಲಾಯಿಸಿ ಕೊಡುತ್ತಾರೆ, ಆದರೆ ಒತ್ತಕ್ಷರ, ಅರ್ಕಾವತ್ತು ಎಲ್ಲ ಚೆಲ್ಲಾಪಿಲ್ಲಿ. ‘ಕಾರ್ಯದರ್ಶಿ’ಯನ್ನು ಓದಲಾಗದೆ ಗುಂಪಿನಲ್ಲಿ ಅರ್ಧ ದಿನ ನಗು.

ನಮ್ಮ ಅರ್ಜಿಗೆ ಸೀಲು ಬಿದ್ದಿದೆ, ವಿಚಾರಣೆಯ ದಿನ ಇನ್ನೂ ಬಂದಿಲ್ಲ. ಪಿಕಪ್ಪಿನಲ್ಲಿ ಬಂದ ಬೋರ್ಡು ಸದ್ಯ ಅಡುಗೆ ಕೋಣೆಯ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದೆ. ವಿಚಾರಣೆಗೆ ಮತ್ತೆ ಮೂರು ಸೆಟ್ ಪ್ರತಿ ಬೇಕು, ಮುಂದಿನ ವಾರ ಹೋಗುತ್ತೇನೆ.

ನೀವು ಹೋಗುವುದಾದರೆ ಸೋಮವಾರ ಬಿಟ್ಟು ಹೋಗಿ, ಸಂತೆ ದಿನ ಕಾಲಿಡಲಾಗುವುದಿಲ್ಲ. ಮಧ್ಯಾಹ್ನ ಒಂದೂವರೆಯಿಂದ ಎರಡೂವರೆ ಊಟಕ್ಕೆ ಬಾಗಿಲು ಹಾಕುತ್ತಾರೆ. ಚಿಲ್ಲರೆ ಇಟ್ಟುಕೊಂಡಿರಿ. ರಸೀದಿ ಪುಸ್ತಕವನ್ನು ನೀವೇ ಒಯ್ಯಿರಿ, ಬರೆದು ಮುಂದಿಟ್ಟರೆ ಸಹಿ ಹಾಕುತ್ತಾರೆ. ಅದನ್ನೂ ಓದಿಯೇ ಹಾಕುತ್ತಾರೆ.