ರಾತ್ರಿ ಹಾರಾಟಕ್ಕೆ ದೀಪವೋ, ರಿಸೀವರೋ, ಟ್ರಾನ್ಸ್‌ಪಾಂಡರೋ?

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ಸುತ್ತ ರಾತ್ರಿ ಹಾರಲು ಸಣ್ಣ ವಿಮಾನಕ್ಕೆ ಯಾವ ರಕ್ಷಣೆ ಮೊದಲು ಬೇಕೆಂದು ಕೇಳಿದ್ದೀರಿ. ಮಿನುಗುದೀಪ ಅಗ್ಗ, ಆದರೆ ಡಿಕ್ಕಿಯ ಹಾದಿಯಲ್ಲಿರುವ ವಿಮಾನದ ದೀಪ ಕಿಟಕಿಯಲ್ಲಿ ಕದಲದೆ ನಿಂತಂತೆ ಕಾಣುವುದರಿಂದ ಅದು ಊರಿನ ದೀಪಗಳಲ್ಲಿ ಬೆರೆತುಹೋಗುತ್ತದೆ (ದಸರಾ ದೀಪಾಲಂಕಾರದ ದಿನಗಳಲ್ಲಂತೂ ಹೇಳುವುದೇ ಬೇಡ). ಎಡಿಎಸ್-ಬಿ ಎಂಬ ರೇಡಿಯೊ ಸಂಕೇತದಲ್ಲಿ ತಮ್ಮ ಸ್ಥಾನವನ್ನು ತಾವೇ ಬಿತ್ತರಿಸುವ ವಿಮಾನಗಳನ್ನು ಅದರ ರಿಸೀವರ್ ತೋರಿಸುತ್ತದೆ, ನಿಮ್ಮನ್ನು ಮಾತ್ರ ಯಾರಿಗೂ ತೋರಿಸದು. ರೇಡಿಯೊ ಪ್ರಶ್ನೆಗೆ ತಾನಾಗಿ ಉತ್ತರಿಸಿ ಎತ್ತರವನ್ನೂ ತಿಳಿಸುವ ಟ್ರಾನ್ಸ್‌ಪಾಂಡರ್ ದುಬಾರಿಯಾದರೂ, ಅದರ ಉತ್ತರ ಸಿಕ್ಕರಷ್ಟೇ ಪ್ರಯಾಣಿಕ ವಿಮಾನದ ಟಿಕಾಸ್ (ಡಿಕ್ಕಿ ತಪ್ಪಿಸುವ ಸಾಧನ) ತನ್ನ ಪೈಲಟ್‌ಗೆ ಏರಲು ಅಥವಾ ಇಳಿಯಲು ಸೂಚಿಸಬಲ್ಲದು.

ಆದ್ದರಿಂದ ಪ್ರಯಾಣಿಕ ವಿಮಾನಗಳ ದಾರಿಯ ಬಳಿ ಹಾರುವವರು ಟ್ರಾನ್ಸ್‌ಪಾಂಡರ್‌ನಿಂದಲೇ ಆರಂಭಿಸುವುದು ಲೇಸು. ಅದು ಈಗಾಗಲೇ ಇರುವ ವಿಮಾನಕ್ಕೆ ರಿಸೀವರ್ ಹೆಚ್ಚು ಉಪಯುಕ್ತ. ನೆಲದಿಂದ ಸುಮಾರು 1000 ಅಡಿಗಿಂತ ಕೆಳಗೆ ಟಿಕಾಸ್ ಅಂಥ ಸೂಚನೆ ಕೊಡದಿರುವುದರಿಂದ, ಇಳಿಯುವ ಹೊತ್ತಿಗೆ ದೀಪ ಮತ್ತು ಕಣ್ಣುಗಳೇ ಗತಿ.